ಚಕ್ಕುಲಿ ಕರಿಯುವಾಗ ಗುಳ್ಳೆ ನೋಡಿ

ಕೃಷ್ಣಾಷ್ಟಮಿಯ ಚಕ್ಕುಲಿಯಲ್ಲಿ ಹುರಿಯುವ ಕೆಲಸವೂ ಇದೆ, ಕರಿಯುವ ಕೆಲಸವೂ ಇದೆ. ಉದ್ದಿನಬೇಳೆಯನ್ನು ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹೊಂಬಣ್ಣಕ್ಕೆ ಹುರಿಯಬೇಕು. ಒತ್ತಿದ ಚಕ್ಕುಲಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯಬೇಕು. ಹುರಿಯುವುದು ಬಹುತೇಕರಿಗೆ ಸಲೀಸು. ಕೈಕೊಡುವುದು ಕರಿಯುವಾಗಲೇ.

ನಾಲ್ಕು ಲೋಟ ಅಕ್ಕಿ ಹಿಟ್ಟಿಗೆ ಒಂದು ಲೋಟ ಹುರಿದ ಉದ್ದಿನ ಹಿಟ್ಟು, ಉಪ್ಪು, ಇಂಗು, ಜೀರಿಗೆ, ಎಳ್ಳು, ಸ್ವಲ್ಪ ಬೆಣ್ಣೆ ಸೇರಿಸಿ, ನೀರು ಚಿಮುಕಿಸುತ್ತ ಮೃದುವಾಗಿ ಕಲಸಿ. ಬೆಣ್ಣೆ ಹೆಚ್ಚಾದರೆ ಚಕ್ಕುಲಿ ಬಾಣಲೆಯಲ್ಲೇ ಪುಡಿಯಾಗುತ್ತದೆ. ಹಿಟ್ಟು ಗಟ್ಟಿಯಾದರೆ ಒರಳಿನಲ್ಲಿ ಒತ್ತುವಾಗಲೇ ತುಂಡಾಗುತ್ತದೆ.

ಇನ್ನು ಎಣ್ಣೆ. ಗೋಲಿಯಷ್ಟು ಹಿಟ್ಟು ಹಾಕಿ ನೋಡಿ. ತಳ ಮುಟ್ಟಿ ತಕ್ಷಣ ಮೇಲೆದ್ದರೆ ಹದ ಸರಿಯಾಗಿದೆ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಹಾಕಿದೊಡನೆ ಕೆಂಪಾದರೆ ಉರಿ ತಗ್ಗಿಸಿ. ಈಗ ಚಕ್ಕುಲಿಗಳನ್ನು ಒಂದೊಂದಾಗಿ ಜಾರಿಸಿ ಬಿಡಿ. ಬಾಣಲೆ ತುಂಬಿಸಿದರೆ ಎಣ್ಣೆಯ ಕಾವು ಇಳಿಯುತ್ತದೆ.

ಮುಂದಿನದೆಲ್ಲ ಗುಳ್ಳೆಗಳೇ ಹೇಳುತ್ತವೆ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ಗೆ. ಕರಿಯುವ ಎಣ್ಣೆಯ ಕಾವು 160ರಿಂದ 180 ಡಿಗ್ರಿಯವರೆಗೆ ಇರುತ್ತದೆ. ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರನುಗ್ಗುವಾಗ ಎಣ್ಣೆಯೆಲ್ಲ ನೊರೆನೊರೆಯಾಗುತ್ತದೆ. ಆವಿ ಹೀಗೆ ಹೊರಹೊಮ್ಮುವಷ್ಟು ಹೊತ್ತು ಎಣ್ಣೆಗೆ ಒಳಹೋಗಲು ಎಡೆ ಸಿಗುವುದು ಕಡಿಮೆ. ಕಾಯದ ಎಣ್ಣೆಗೆ ಹಾಕಿದ ತಿಂಡಿ ಎಣ್ಣೆ ಕುಡಿಯುವುದೂ ಇದೇ ಕಾರಣಕ್ಕೆ. ಸ್ವಲ್ಪ ಗಟ್ಟಿಯಾದ ಮೇಲೆ ಒಮ್ಮೆ ಮಗುಚಿ, ಮಧ್ಯಮ ಉರಿಯಲ್ಲಿ ಬಿಡಿ. ಗುಳ್ಳೆ ಸಣ್ಣದಾಗಿ, ಸದ್ದು ಅಡಗಿತೆಂದರೆ ಒಳಗಿನ ನೀರು ಮುಗಿಯುತ್ತ ಬಂದಿದೆ. ಬಣ್ಣ ಬಂದಿತೆಂದು ಅದಕ್ಕೂ ಮೊದಲೇ ತೆಗೆದರೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಸಂಜೆಯ ಹೊತ್ತಿಗೆ ಪೂರ್ತಿ ಮೆತ್ತಗಾಗುತ್ತದೆ.

ತೆಗೆದೊಡನೆ ಜಾಲರಿ ಸೌಟಿನಲ್ಲೇ ಬಸಿಯಲು ಬಿಡಿ, ಅವಸರ ಬೇಡ. ಆರುವಾಗ ಒಳಗಿನ ಆವಿ ತಣಿದು, ಮೇಲಂಟಿದ ಎಣ್ಣೆಯನ್ನು ಚಕ್ಕುಲಿ ಒಳಗೆಳೆದುಕೊಳ್ಳುತ್ತದೆ. ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಿ.

ಎಲ್ಲ ತಿಂಡಿಗೂ ಒಂದೇ ಕಾವು ಹೊಂದುವುದಿಲ್ಲ. ಪೂರಿಗೆ ಎಣ್ಣೆ ಇನ್ನೂ ಚೆನ್ನಾಗಿ ಕಾಯಬೇಕು, ಇಲ್ಲದಿದ್ದರೆ ಉಬ್ಬುವುದಿಲ್ಲ. ಒಣಗಿದ ಹಪ್ಪಳ, ಸಂಡಿಗೆಗೆ ಕೆಲವೇ ಸೆಕೆಂಡು ಸಾಕು. ಉಳಿದ ಎಣ್ಣೆಯನ್ನು ಸೋಸಿಟ್ಟು ಒಂದೆರಡು ದಿನದಲ್ಲಿ ಒಗ್ಗರಣೆಗೆ ಬಳಸಿ. ಕಪ್ಪಾಗಿ ಜಿಗುಟಾದದ್ದನ್ನು ಮಾತ್ರ ಮತ್ತೆ ಒಲೆಗೆ ಏರಿಸಲೇಬೇಡಿ.