ಹೊನಲು ಬೆಳಕಿನ ಕಬಡ್ಡಿ: ಮೊದಲು ಲೆನ್ಸ್, ಆಮೇಲೆ ಫ್ಲ್ಯಾಶ್

ಮಳೆ ಹೋಗಿ ಗದ್ದೆ ಒಣಗಿದರೆ ಸಾಕು, ನಮ್ಮ ಕಾಸರಗೋಡಿನ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಬ್ಯಾನರ್‌ಗಳು ಏಳುತ್ತವೆ. ಕ್ಯಾಮೆರಾ ಇದ್ದವನಿಗೆ ಕರೆ ಬಂದೇ ಬರುತ್ತದೆ: "ಫೋಟೋ ನೀನೇ ತೆಗಿ ಮಾರಾಯ." ಬದಿಯಡ್ಕದಲ್ಲಿ ನಾನು ಮೊದಲ ಸಲ ಕ್ಯಾಮೆರಾ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸ್ ಹಿಡಿದು ಕೂತೆ. ಒಂದು ರಾತ್ರಿಯ ಚಿತ್ರಗಳಲ್ಲಿ ರೈಡರ್‌ನ ಕೈಕಾಲು ಹೊಗೆಯ ಹಾಗೆ ಕಲಸಿಹೋಗಿತ್ತು.

ಅದಕ್ಕೇ ಹೇಳುವುದು, ದುಡ್ಡು ಮೊದಲು ಲೆನ್ಸಿಗೆ ಹಾಕಿ. ಆ 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದರ ಬಾಯಿ ಎಫ್ 5.6ಕ್ಕೆ ಕಿರಿದಾಗುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟು ಬಾಯಿ ಚಿಕ್ಕದು). 50 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಇರುವುದರಲ್ಲಿ ಅಗ್ಗದ ಲೆನ್ಸುಗಳಲ್ಲಿ ಅದೂ ಒಂದು. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಗೆರೆಯಿಂದ ಎರಡು ಮೀಟರ್ ಹೊರಗೆ, ಮೂಲೆಯಲ್ಲಿ ನೆಲಕ್ಕೆ ಕೂತುಕೊಳ್ಳಿ. ಸಾಮಾನ್ಯ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಏಳು ಮೀಟರ್ ದೂರಕ್ಕೆ ಈ ಲೆನ್ಸ್ ಮೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ ಹಿಡಿಯುತ್ತದೆ. ಕೈಕೈ ಹಿಡಿದು ನಿಂತ ಕ್ಯಾಚರ್‌ಗಳೂ ರೈಡರೂ ಒಂದೇ ಚಿತ್ರಕ್ಕೆ ಬರಲು ಅಷ್ಟು ಸಾಕು. ಬರೀ ಮುಖ ಬೇಕಿದ್ದರೆ 85 ಎಂಎಂ ಎಫ್ 1.8. ವಾಲಿಬಾಲ್, ಸೆವೆನ್ಸ್ (ಏಳೇಳು ಜನರ) ಫುಟ್ಬಾಲಿಗೆ 70-200 ಎಂಎಂ ಎಫ್ 2.8 ಬೇಕು. ಅದು ದುಬಾರಿ, ಬಾಡಿಗೆಗೆ ಸಿಕ್ಕಿದರೆ ತನ್ನಿ.

ಆಟ ಶುರುವಾಗುವ ಮೊದಲೇ, ಲೈಟು ಹಾಕಿದ ಕೂಡಲೇ ಅಂಕಣಕ್ಕೆ ಇಳಿಯಿರಿ. ಶಟರ್ ಸೆಕೆಂಡಿನ 1/500, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, ಎಫ್ 2. ನಡುಗೆರೆಯಲ್ಲಿ ಒಂದು, ನಾಲ್ಕು ಮೂಲೆಯಲ್ಲಿ ಒಂದೊಂದು ಚಿತ್ರ ತೆಗೆದು ನೋಡಿ. ಮೂಲೆಗಳು ಹೆಚ್ಚಾಗಿ ಕತ್ತಲೆಯೇ. ಅಲ್ಲಿಗೆ ಎಷ್ಟು ಐಎಸ್‌ಒ ಬೇಕೆಂದು ಗುರುತಿಟ್ಟುಕೊಳ್ಳಿ. ಅದನ್ನು ಏರಿಸಿ ಚಿತ್ರದಲ್ಲಿ ಮರಳಿನಂಥ ಕಾಳು ಕಾಣಿಸಿದರೂ ಪರವಾಗಿಲ್ಲ, ಕಲಸಿಹೋದ ಮುಖವನ್ನು ಮಾತ್ರ ಆಮೇಲೆ ಸರಿಮಾಡಲು ಆಗುವುದಿಲ್ಲ. ಒಂದು ಚಿತ್ರ ಹಳದಿ, ಮುಂದಿನದು ಹಸಿರು ಬರುತ್ತಿದೆಯಾ? ನಮ್ಮ ಕರೆಂಟು 50 ಹರ್ಟ್ಸ್, ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ (ಮಿನುಗು ತಪ್ಪಿಸುವ ಸೆಟ್ಟಿಂಗ್) ಇದ್ದರೆ ಹಾಕಿ.

ಇಷ್ಟಾದ ಮೇಲೂ ಬೆಳಕು ಸಾಲದಿದ್ದರೆ ಮಾತ್ರ ಫ್ಲ್ಯಾಶ್. ಕ್ಯಾಮೆರಾದ ತಲೆಯ ಮೇಲಿನ ಪುಟ್ಟ ಫ್ಲ್ಯಾಶ್ ಸುಮ್ನೆ ಎಬ್ಬಿಸಬೇಡಿ. ದೂರ ಎರಡು ಪಟ್ಟಾದರೆ ಅದರ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮ ಮಣ್ಣಿನ ಅಂಕಣದಲ್ಲಿ ಕೆಂಪು ಧೂಳು ಬೇರೆ. ಲೆನ್ಸಿನ ಮುಂದೆ ಹಾರುವ ಒಂದೊಂದು ಕಣವೂ ಆ ಬೆಳಕಿಗೆ ಬಿಳಿ ಚುಕ್ಕೆಯಾಗಿ ಚಿತ್ರದ ತುಂಬಾ ಕೂರುತ್ತದೆ.

ಬೇಕಾದದ್ದು ಎರಡು ಬಿಡಿ ಫ್ಲ್ಯಾಶ್, ಅವನ್ನು ದೂರದಿಂದಲೇ ಉರಿಸುವ ಒಂದು ರೇಡಿಯೋ ಟ್ರಿಗರ್, ಕಂಬಕ್ಕೆ ಬಿಗಿಯಲು ಎರಡು ಕ್ಲಾಂಪ್. ನೀವು ಕೂತ ಬದಿಯ ಎರಡು ಮೂಲೆಯ ಕಂಬಗಳಿಗೆ, ಮೂರು ನಾಲ್ಕು ಮೀಟರ್ ಎತ್ತರದಲ್ಲಿ ಬಿಗಿಯಿರಿ. ಕೆಳಗೆ ಜನ ಕೂರುತ್ತಾರೆ, ಹಗ್ಗದಿಂದಲೂ ಒಂದು ಸುತ್ತು ಕಟ್ಟಿ. ಫ್ಲ್ಯಾಶಿನ ಪವರ್ ಪೂರ್ತಿಯ 1/16ರ ಹತ್ತಿರ ಇರಲಿ. ಆಗ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಉರಿಯುತ್ತದೆ, ಹಾರಿದ ರೈಡರ್ ಗಾಳಿಯಲ್ಲೇ ನಿಲ್ಲುತ್ತಾನೆ. ಮುಂದಿನ ಚಿತ್ರಕ್ಕೂ ಬೇಗ ತಯಾರಾಗುತ್ತದೆ. ಶಟರನ್ನು ಮಾತ್ರ 1/200 ಅಥವಾ 1/250ಕ್ಕೆ ಇಳಿಸಬೇಕು, ಅದಕ್ಕಿಂತ ಮೇಲೆ ಹೋದರೆ ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತದೆ. ಐಎಸ್‌ಒ 800ಕ್ಕೋ 1600ಕ್ಕೋ ತಂದು ಮೈದಾನದ ಬೆಳಕನ್ನು ಸಾಕಷ್ಟು ಮಂದ ಮಾಡಿಕೊಳ್ಳಿ. ಇಲ್ಲದಿದ್ದರೆ ಆಟಗಾರನ ಹಿಂದೆ ಅವನದೇ ನೆರಳಿನಂಥ ಇನ್ನೊಂದು ರೂಪ ಬರುತ್ತದೆ.

ಇದಕ್ಕೆಲ್ಲ ಮೊದಲು ಸಂಘಟಕರನ್ನೂ ರೆಫರಿಯನ್ನೂ ಕೇಳಿ. ರೈಡರ್ ಉಸಿರು ಬಿಗಿಹಿಡಿದು ಬೋನಸ್ ಗೆರೆಗೆ ಕಾಲು ಚಾಚುವಾಗ ಕಣ್ಣಿಗೆ ಬೆಳಕು ಹೊಡೆದರೆ ಅವನ ಆಟ ಹೋಯಿತು, ಬಿದ್ದರೆ ಮಂಡಿಯೂ ಹೋದೀತು. ಒಬ್ಬ ಆಟಗಾರ ಬೇಡ ಅಂದರೂ ಟ್ರಿಗರ್ ಆಫ್ ಮಾಡಿ, ಎಫ್ 1.8ಕ್ಕೆ ವಾಪಸ್ ಬನ್ನಿ.

ಫ್ಲ್ಯಾಶಿಗೆ ರೀಚಾರ್ಜ್ ಆಗುವ ನಿಕ್ಕಲ್ ಸೆಲ್ ಹಾಕಿ, ಇನ್ನೊಂದು ಜೊತೆ ಕಿಸೆಯಲ್ಲಿರಲಿ. ಏಸಿ ಕಾರಿನಲ್ಲಿ ಬಂದಿದ್ದರೆ ಕ್ಯಾಮೆರಾ ಚೀಲದ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಡಿ. ನಮ್ಮ ಕರಾವಳಿ ಗಾಳಿಗೆ ತಣ್ಣನೆ ಗಾಜು ತಾಗಿದರೆ ಲೆನ್ಸಿನ ಮೇಲೆ ಪೂರ್ತಿ ಹಬೆ ಕೂರುತ್ತದೆ, ಅದು ಆರುವಷ್ಟರಲ್ಲಿ ಮೊದಲ ಪಂದ್ಯವೇ ಮುಗಿದಿರುತ್ತದೆ.