ಸಹಿ ಹಾಕುವ ಮುಂಚೆ: ಪುಣೆಯ ಆಸ್ಪತ್ರೆಗಳಲ್ಲಿ ನಮ್ಮ ಜನರ ಜೊತೆ

ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಬಂದವರು ಬಹಳ ಜನ ಇದ್ದಾರೆ. ವಾಕಡ್, ಹಿಂಜವಡಿ, ಖರಾಡಿ ಕಡೆ ಏಳುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಸಂಜೆ ಹೋದರೆ ಕನ್ನಡವೇ ಕೇಳಿಸುತ್ತದೆ. ನಾನು ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಹಲವು ವರ್ಷ ಕೆಲಸ ಮಾಡಿದವಳು. ಈಗ ಕೆಲಸ ಬಿಟ್ಟಿದ್ದೇನೆ. ಈ ಜನರಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಫೋನ್ ಬರುತ್ತದೆ, ಹೋಗುತ್ತೇನೆ. ನನಗೆ ಮರಾಠಿ ಬರುತ್ತದೆ, ಕೌಂಟರಿನ ಆಚೆ ಏನು ನಡೆಯುತ್ತದೆ ಅನ್ನುವುದೂ ಗೊತ್ತು. ನನ್ನ ಹತ್ತಿರ ಇರುವುದು ಇಷ್ಟೇ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನದು ತಯಾರಿಸಿತು. ಅದರಲ್ಲಿ 17 ಹಕ್ಕುಗಳಿವೆ. ಮಹಾರಾಷ್ಟ್ರ 2021ರಲ್ಲಿ ತನ್ನ ನರ್ಸಿಂಗ್ ಹೋಮ್ ನಿಯಮಗಳನ್ನು ತಿದ್ದಿ, ಖಾಸಗಿ ಆಸ್ಪತ್ರೆಗಳು ಹಕ್ಕುಗಳ ಪಟ್ಟಿಯನ್ನೂ ದರಗಳನ್ನೂ ಜನರಿಗೆ ಕಾಣುವ ಹಾಗೆ ಹಾಕಬೇಕು ಎಂದಿತು. ಬೋರ್ಡು ಇರುವುದು ಒಳ್ಳೆಯದೇ. ಆದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಮರಾಠಿಯಾಗಲಿ ಇಂಗ್ಲಿಷಾಗಲಿ ಓದಲು ಬರುವುದಿಲ್ಲ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು ಅಂತ ಸನದಿನಲ್ಲೇ ಇದೆ. ನನ್ನ ಮಟ್ಟಿಗೆ ಇದೇ ಮೊದಲ ಹಕ್ಕು. ಇದು ಸಿಗದಿದ್ದರೆ ಉಳಿದ ಹದಿನಾರು ಇದ್ದೂ ಇಲ್ಲದ ಹಾಗೆ.

ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿತ್ತು, ಬಹಳ ಸೊರಗಿದ್ದಳು. ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಗರ್ಭಚೀಲ ತೆಗೆಯಬೇಕು ಎಂದಿದ್ದರು. ನಾನು ಹೋಗುವ ಹೊತ್ತಿಗೆ ಗಂಡನ ಸಹಿ ಆಗಿತ್ತು. ಸಾಕ್ಷಿ ಜಾಗದಲ್ಲಿ ಮೇಸ್ತ್ರಿ ಸಹಿ ಹಾಕಿದ್ದ. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಏನು ಆಪರೇಷನ್ ಅಂತ ಕೇಳಿದರೆ, ಹೊಟ್ಟೆ ತೊಳಿತಾರಂತ ಅಕ್ಕಾ ಎಂದಳು. ಅವಳಿಗೆ ಆಗ ಮೂವತ್ತೂ ದಾಟಿರಲಿಲ್ಲ.

ಇಂಥ ಕಡೆ ನಾನು ಜಗಳ ಮಾಡುವುದಿಲ್ಲ. ಕಾನೂನಿನ ಮಾತು ತೆಗೆದು ಹೆದರಿಸುವುದೂ ಇಲ್ಲ. ಡಾಕ್ಟರ ಹತ್ತಿರ ಹತ್ತು ನಿಮಿಷ ಕೇಳುತ್ತೇನೆ. ಪ್ರಶ್ನೆಗಳು ಯಾವಾಗಲೂ ಅವೇ. ಏನು ಮಾಡುತ್ತೀರಿ? ಯಾಕೆ ಬೇಕು? ಬೇರೆ ದಾರಿ ಇದೆಯಾ? ಇದರಲ್ಲಿ ಅಪಾಯ ಏನು? ಈಗಲೇ ಮಾಡದಿದ್ದರೆ ಏನಾಗುತ್ತದೆ? ಕೊನೆಯ ಪ್ರಶ್ನೆಯನ್ನು ನಮ್ಮವರು ಎಂದೂ ಕೇಳುವುದಿಲ್ಲ, ಡಾಕ್ಟರಿಗೆ ಸಿಟ್ಟು ಬರುತ್ತದೇನೋ ಎಂಬ ಭಯ. ನಾನು ನೋಡಿದ ಹಾಗೆ ಹೆಚ್ಚಿನ ಡಾಕ್ಟರುಗಳು ಸಿಟ್ಟಾಗುವುದಿಲ್ಲ. ಅವತ್ತೂ ಆ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಎಂದು ತೋರಿಸಿದರು. ಮಾತ್ರೆಯಲ್ಲಿ ಸ್ವಲ್ಪ ಕಾಲ ನೋಡಬಹುದು ಎಂದು ಅವರೇ ಹೇಳಿದರು. ನಾನು ಒಂದೊಂದು ಮಾತನ್ನೂ ಅವಳಿಗೆ ಕನ್ನಡದಲ್ಲಿ ಹೇಳಿದೆ. ಆಮೇಲೆ, ನಿನಗೆ ತಿಳಿದದ್ದನ್ನು ನನಗೆ ತಿರುಗಿ ಹೇಳು ಎಂದೆ. ಹೇಳಿದಳು. ಮೊದಲು ಮಾತ್ರೆ ತಗೊಳ್ತೀನಿ, ಇನ್ನೊಬ್ಬ ಡಾಕ್ಟರಿಗೂ ತೋರಿಸ್ತೀನಿ ಎಂದಳು. ರಿಪೋರ್ಟುಗಳನ್ನು ತೆಗೆದುಕೊಂಡು ಪುಣೆಯ ದೊಡ್ಡ ಸರ್ಕಾರಿ ಆಸ್ಪತ್ರೆ ಸಸೂನ್‌ಗೆ ಹೋದೆವು. ಎರಡನೇ ಅಭಿಪ್ರಾಯ ಕೇಳುವುದು ಕೂಡ ಹಕ್ಕು. ಅದಕ್ಕೆ ಬೇಕಾದ ಕಾಗದಗಳನ್ನು ಆಸ್ಪತ್ರೆ ಕೊಡಬೇಕು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2008ರ ತೀರ್ಪು ಒಂದಿದೆ, ಸಮೀರಾ ಕೊಹ್ಲಿ ಪ್ರಕರಣದ್ದು. ಒಳಗೆ ನೋಡುವ ಪರೀಕ್ಷೆಗೆಂದು ಮಂಪರು ಕೊಟ್ಟಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಆಕೆಯ ಗರ್ಭಕೋಶ, ಅಂಡಾಶಯ ತೆಗೆದಿದ್ದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಆಗುವುದಿಲ್ಲ ಎಂದು ಕೋರ್ಟು ಹೇಳಿತು. ಜೀವಕ್ಕೆ ತುರ್ತು ಅಪಾಯ ಇಲ್ಲದಿದ್ದರೆ, ವಯಸ್ಸಿಗೆ ಬಂದ ರೋಗಿಯ ಪರವಾಗಿ ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ. ತಾಯಿಗೇ ಇಲ್ಲದ ಅಧಿಕಾರ ಮೇಸ್ತ್ರಿಗೆ ಎಲ್ಲಿಂದ ಬರಬೇಕು? ಖಾಲಿ ಫಾರ್ಮಿಗೆ ಹೆಬ್ಬೆಟ್ಟು ಒತ್ತಬೇಡಿ ಎಂದು ಶೆಡ್ಡುಗಳಲ್ಲಿ ಎಲ್ಲರಿಗೂ ಹೇಳಿ ಇಟ್ಟಿದ್ದೇನೆ.

ಎಲ್ಲ ಕಡೆ ನಾನೇ ಹೋಗಲು ಆಗುವುದಿಲ್ಲ. ಆಗ ಫೋನಿನಲ್ಲಿ ಹೇಳುತ್ತೇನೆ: ವಾರ್ಡಿನಲ್ಲಿ ಕನ್ನಡ ಬರುವವರು ಇದ್ದಾರಾ ಕೇಳು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಸಿಸ್ಟರ್‌ಗಳು, ಮಾವಶಿಗಳು (ಆಯಾಗಳು) ಪುಣೆಯ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಮಾತು ತಿಳಿದವರು ಪಕ್ಕ ನಿಂತರೆ ರೋಗಿಯ ಮುಖವೇ ಬೇರೆ ಆಗುತ್ತದೆ. ಶಾಲೆಗೆ ಹೋಗುವ ಮಕ್ಕಳನ್ನು ಮಾತ್ರ ನಡುವೆ ನಿಲ್ಲಿಸಬೇಡಿ. ಅಮ್ಮನ ಗಡ್ಡೆಯ ಸುದ್ದಿಯನ್ನು ಮಗುವಿನ ಬಾಯಿಂದ ಹೇಳಿಸುವುದು ಕ್ರೂರ. ಅರ್ಧ ವಿಷಯ ಬಿಟ್ಟೂ ಹೋಗುತ್ತದೆ. ಇನ್ನೊಂದು ಮಾತು: ನಡುವೆ ನಿಂತು ಹೇಳುವವರು ಕೇಳಿದ್ದನ್ನು ಶೆಡ್ಡಿಗೆ ಒಯ್ಯಬಾರದು. ಗಂಡಸು ಡಾಕ್ಟರು ಹೆಂಗಸನ್ನು ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಅಲ್ಲಿರಬೇಕು, ಅದನ್ನೂ ಕೇಳಿ ಪಡೆಯಿರಿ.

ಇಷ್ಟೆಲ್ಲ ಡಾಕ್ಟರು ನಮಗೆ ಹೇಳಬೇಕಾದದ್ದು. ನಾವು ಡಾಕ್ಟರಿಗೆ ಹೇಳಬೇಕಾದದ್ದೂ ಇದೆಯಲ್ಲ. ಅದರಲ್ಲಿ ನಮ್ಮವರು ಬಹಳ ಹಿಂದೆ.

ಒಬ್ಬ ಸಾರವೆಯಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡಿದ್ದ. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೇ ದಿನ ಕೈ ನಡುಗಲು ಶುರುವಾಯಿತು. ಗೋಡೆ ಮೇಲೆ ಹುಳ ಹರಿಯುತ್ತಿವೆ ಎಂದು ಕಿರುಚಿದ, ಸಲೈನ್ ಕಿತ್ತು ಹಾಕಿದ. ತಪ್ಪು ಇಂಜೆಕ್ಷನ್ ಕೊಟ್ಟಿದ್ದಾರೆ ಎಂದು ಅಣ್ಣತಮ್ಮಂದಿರು ಕೂಗಾಡಿ, ರೆಸಿಡೆಂಟ್ ಡಾಕ್ಟರ ಮೈಮೇಲೇ ಹೋದರು. ನಾನು ಹೆಂಡತಿಯನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದೆ. ದಿನಾ ಸಂಜೆ ಕುಡಿಯುತ್ತಿದ್ದ, ವರ್ಷಗಳಿಂದ. ಭರ್ತಿ ಆಗುವಾಗ ಡಾಕ್ಟರು ಕೇಳಿದ್ದರು, ಇವಳು ಮರ್ಯಾದೆಗೆ ಅಂಜಿ ಇಲ್ಲ ಎಂದಿದ್ದಳು. ದಿನಾ ಕುಡಿಯುವವನಿಗೆ ಒಮ್ಮೆಲೆ ಕುಡಿತ ನಿಂತರೆ ಎರಡು ಮೂರು ದಿನಕ್ಕೆ ಹೀಗಾಗಬಹುದು, ಜೀವಕ್ಕೂ ಅಪಾಯ. ಮೊದಲೇ ಗೊತ್ತಿದ್ದರೆ ಅದಕ್ಕೆ ಔಷಧಿ ಇದೆ. ನಾನು ಓಡಿಹೋಗಿ ಹೇಳಿದೆ, ಅವರು ಚಿಕಿತ್ಸೆ ಬದಲಿಸಿದರು. ಅವನು ಬದುಕಿದ.

ಆ ಡಾಕ್ಟರಿಗೆ ಹೊಡೆತ ಬಿದ್ದಿದ್ದರೆ? ಮಹಾರಾಷ್ಟ್ರದಲ್ಲಿ ಇದಕ್ಕೆಂದೇ 2010ರ ಕಾಯಿದೆ ಇದೆ. ಆಸ್ಪತ್ರೆಯವರ ಮೇಲೆ ಕೈ ಮಾಡಿದರೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಸಾಮಾನು ಒಡೆದರೆ ಅದರ ಬೆಲೆಯ ಎರಡು ಪಟ್ಟು ಕಟ್ಟಬೇಕು. ಜೈಲಿನ ಮಾತು ಬಿಡಿ, ನಿದ್ದೆ ಇಲ್ಲದೆ ದುಡಿಯುವ ಆ ಹುಡುಗ ಡಾಕ್ಟರಿಗೆ ಕೈ ಎತ್ತುವುದು ಅನ್ಯಾಯ. ಈಗ ನಾನು ಭರ್ತಿಗೆ ಮುಂಚೆಯೇ ರೋಗಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳುತ್ತೇನೆ. ಕುಡಿತ, ಗುಟ್ಕಾ, ಊರಿನ ನಾಟಿ ಔಷಧಿ, ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಹಿಂದಿನ ಗರ್ಭಪಾತ, ಎಲ್ಲ. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಅದರ ಖಾಲಿ ಸ್ಟ್ರಿಪ್ಪನ್ನಾದರೂ ತನ್ನಿ ಎನ್ನುತ್ತೇನೆ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಕೌಂಟರಿನ ಲೆಕ್ಕ, ಕಲಿತರೆ ಬರುತ್ತದೆ. ತುರ್ತು ಸ್ಥಿತಿಯಲ್ಲಿ ಮೊದಲು ಚಿಕಿತ್ಸೆ, ಆಮೇಲೆ ಡೆಪಾಸಿಟ್. ಜೀವ ಉಳಿಸುವುದೇ ಡಾಕ್ಟರ ಮೊದಲ ಕರ್ತವ್ಯ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ತುರ್ತು ಅಲ್ಲದಿದ್ದರೆ ಅಂದಾಜು ಖರ್ಚನ್ನು ಬರೆದು ಕೊಡಿ ಎಂದು ಕೇಳಿ. ಬಾಯಿಮಾತಿನ ಅಂದಾಜು ಕೊನೆಗೆ ಯಾರಿಗೂ ನೆನಪಿರುವುದಿಲ್ಲ. ಬಿಲ್ಲನ್ನು ಬಿಡಿಬಿಡಿಯಾಗಿ ಕೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಅದರ ಹೆಸರು, ಬೆಲೆ ಬಿಲ್ಲಿನಲ್ಲಿ ಬೇರೆಯಾಗಿ ಇರಬೇಕು. 2017ರಿಂದ ಸ್ಟೆಂಟಿನ ಬೆಲೆಗೆ ಸರ್ಕಾರದ ಮಿತಿ ಇದೆ. ಔಷಧಿಯನ್ನು ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳಬೇಕೆಂಬ ಕಡ್ಡಾಯ ಇಲ್ಲ.

ಬಡವರಿಗೆ ಮುಖ್ಯವಾದದ್ದು ಧರ್ಮಾದಾಯ ಆಸ್ಪತ್ರೆಗಳ ಬೆಡ್ಡು. ಟ್ರಸ್ಟ್ ಹೆಸರಿನಲ್ಲಿ ನಡೆಯುವ ದೊಡ್ಡ ಆಸ್ಪತ್ರೆಗಳು ನೂರರಲ್ಲಿ 10 ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನೂ 10 ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಇಡಬೇಕು. ಬಾಂಬೆ ಹೈಕೋರ್ಟಿನ 2006ರ ಆದೇಶದಿಂದ ಬಂದ ಯೋಜನೆ ಇದು. ಒಳಗೆ ಬಂದ ಮೇಲೆ ರಿಸೆಪ್ಷನ್ನಿನಲ್ಲಿ ನಿಲ್ಲಬೇಡಿ, ನೇರವಾಗಿ ಮೆಡಿಕಲ್ ಸೋಷಿಯಲ್ ವರ್ಕರ್ (ಬಡ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಎಲ್ಲಿ ಕೂರುತ್ತಾರೆ ಕೇಳಿ. ರೇಷನ್ ಕಾರ್ಡು, ತಹಸೀಲ್ದಾರರ ಆದಾಯ ಪತ್ರ ಕೈಯಲ್ಲಿರಲಿ. ಬೆಡ್ಡು ಖಾಲಿ ಇಲ್ಲ ಎಂದರೆ ಧರ್ಮಾದಾಯ ಆಯುಕ್ತರ ಕಚೇರಿ ಪುಣೆಯಲ್ಲೇ ಇದೆ. ಊರಿನಿಂದ ಆಯುಷ್ಮಾನ್ ಕಾರ್ಡು ತಂದವರು, ಅದು ಈ ಆಸ್ಪತ್ರೆಯಲ್ಲಿ ನಡೆಯುತ್ತದಾ ಎಂದು ಭರ್ತಿಗೆ ಮುಂಚೆಯೇ ವಿಚಾರಿಸಿ. ಭರ್ತಿಯಾದ ಮೇಲೆ ಕಾರ್ಡು ತೆಗೆದು ತೋರಿಸಿದರೆ ಕೆಲಸ ಕಷ್ಟ. ಬಿಲ್ಲಿನ ತಕರಾರು ಇದೆ ಎಂದು ರೋಗಿಯನ್ನಾಗಲಿ ಶವವನ್ನಾಗಲಿ ತಡೆದು ಇಡುವಂತಿಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಕೊನೆಗೆ ಕಾಗದ. ಡಿಸ್ಚಾರ್ಜ್ ಸಮರಿ ಒಂದೇ ಸಾಕು ಎಂದು ಎಲ್ಲರೂ ಹೊರಟುಬಿಡುತ್ತಾರೆ. ನಾನು ಪೂರ್ತಿ ಕೇಸ್ ಪೇಪರಿನ ನಕಲು ಕೇಳುತ್ತೇನೆ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿದೆ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಪೋಚ್, ಅಂದರೆ ಅರ್ಜಿ ತಲುಪಿತು ಎಂಬ ಮೊಹರು, ಹಾಕಿಸಿಕೊಳ್ಳಿ. ತಾರೀಖಿನ ಆ ಸಿಕ್ಕೆ ಇಲ್ಲದಿದ್ದರೆ ನೀವು ಅರ್ಜಿ ಕೊಟ್ಟಿರಿ ಅನ್ನುವುದಕ್ಕೇ ಆಧಾರ ಇಲ್ಲ. ಕೊಡದೆ ಸತಾಯಿಸಿದರೆ ಅದೇ ಪ್ರತಿಯ ಜೊತೆ ಮಹಾನಗರಪಾಲಿಕೆಯ ಆರೋಗ್ಯ ವಿಭಾಗಕ್ಕೆ ದೂರು ಬರೆಯುತ್ತೇನೆ. ನಮ್ಮವರು ಹೊಲಿಗೆ ಒಣಗುವ ಮುಂಚೆಯೇ ಊರಿಗೆ ಹೋಗುವವರು. ಅಲ್ಲಿ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮೊದಲು ಕೇಳುವುದು ಪುಣೆಯಲ್ಲಿ ಏನು ಮಾಡಿದರು ಎಂದು. ಆಗ ಕೈಯಲ್ಲಿ ಈ ಕಾಗದ ಇರಬೇಕು.