ತೆಲುಗು, ಬಲೂಚಿ ಮತ್ತು ಒಂದು ತಟ್ಟೆ ಶೇಂಗಾ: ನನ್ನ ಅನುಭವ

‘ತೆಲುಗು ದ್ರಾವಿಡ ಭಾಷೆ, ಬಲೂಚಿಸ್ತಾನದ ಬಲೂಚಿ ಇರಾನಿ ಕುಲದ್ದು. ಪಕ್ಕಪಕ್ಕ ಇಟ್ಟು ಏನು ನೋಡುತ್ತೀರಿ?’ ಎಂದು ಕೇಳದವರಿಲ್ಲ. ಇವೆರಡರ ನಡುವೆ ನಂಟು ಹುಡುಕುವ ಆಸೆ ನನಗೆಂದೂ ಇರಲಿಲ್ಲ. ಒಂದೊಂದು ಭಾಷೆಯೂ ತನ್ನ ಸೀಮೆಯೊಳಗೆ ಎಲ್ಲಿ ಕವಲೊಡೆಯುತ್ತದೆ ಎಂದು ತಿಳಿಯಬೇಕಿತ್ತು. ಕೆಲಸಕ್ಕೆಂದು ಮಸ್ಕತ್ತಿನಲ್ಲಿದ್ದ ನನಗೆ ಎರಡೂ ಭಾಷೆಯವರು ಒಂದೇ ಬೀದಿಯಲ್ಲಿ ಸಿಗುತ್ತಿದ್ದರು.

ಮೊದಲ ಎಂಟು ತಿಂಗಳು ದಂಡವಾದವು. ಇನ್ನೂರು ಪದಗಳ ಪಟ್ಟಿ ಹಿಡಿದು ‘ಇದಕ್ಕೇನು ಹೇಳುತ್ತೀರಿ’ ಎಂದು ಕೇಳುತ್ತಿದ್ದೆ. ನಿಜಾಮಾಬಾದಿನವರೂ ಕರ್ನೂಲಿನವರೂ ಸಿನಿಮಾ ತೆಲುಗಿನಲ್ಲಿ ಉತ್ತರಿಸಿದರು. ಬಲೂಚರು ನನಗೆ ತಿಳಿಯಲೆಂದು ಉರ್ದು ಬೆರೆಸಿದರು. ಚಹಾ, ಟ್ಯಾಕ್ಸಿ, ರೆಕಾರ್ಡರ್ ಎಂದು ಅರವತ್ತು ರಿಯಾಲ್ ಹತ್ತಿರ ಕರಗಿತು. ಆ ರೆಕಾರ್ಡರೋ, ಮಾತಿಗಿಂತ ಎಸಿಯ ಸದ್ದನ್ನೇ ಚೆನ್ನಾಗಿ ಹಿಡಿದಿತ್ತು.

ಕೊನೆಗೆ ಪಟ್ಟಿಯನ್ನು ಮಡಿಸಿಟ್ಟೆ. ಬೇರೆ ಬೇರೆ ಸೀಮೆಯ ಮೂವರು ತೆಲುಗರನ್ನು ಕೂರಿಸಿ ನಡುವೆ ಒಂದು ತಟ್ಟೆ ಶೇಂಗಾ ಇಟ್ಟು ಸುಮ್ಮನಾದೆ. ಹತ್ತು ನಿಮಿಷವೂ ಆಗಿರಲಿಲ್ಲ, ತೆಲಂಗಾಣದ ‘ಪಲ್ಲಿ’, ಕರ್ನೂಲಿನ ‘ಬುಡ್ಡಲು’, ಕರಾವಳಿಯ ‘ವೇರುಶನಗ’ ಮೂರೂ ಬಂದವು. ಊರಿನಿಂದ ನೆಂಟರು ಬಂದ ಸುದ್ದಿ ಹೇಳುವಾಗ ಕರಾವಳಿಯವರದು ‘ವಚ್ಚಾರು’, ರಾಯಲಸೀಮೆಯವರದು ‘ವಚ್ಚಿನಾರು’, ತೆಲಂಗಾಣದವರದು ‘ವಚ್ಚಿನ್ರು’. ಎಂಟು ತಿಂಗಳಲ್ಲಿ ಸಿಗದ್ದು ಒಂದು ಸಂಜೆಗೆ ಸಿಕ್ಕಿತು!

ಬಲೂಚರ ಮುಂದೆ ಇಟ್ಟದ್ದು ಒಂದು ಲೋಟ ನೀರು. ಬಲೂಚಿಸ್ತಾನದ ಕರಾವಳಿ ಮಕ್ರಾನಿನವರಿಗೆ ಅದು ‘ಆಪ್’. ಪೂರ್ವಕ್ಕೆ, ಪಾಕಿಸ್ತಾನದ ಪಂಜಾಬಿನ ಡೇರಾ ಘಾಜಿ ಖಾನ್ ಕಡೆಯ ಹಿರಿಯರು ‘ಆಫ್’ ಎಂದರು, ಹಲ್ಲು ತುಟಿಗಳ ನಡುವೆ ಗಾಳಿ ಜಾರುವ ಫಕಾರ. ಹಗಲಿಗೆ ಮಕ್ರಾನಿನವರು ‘ರೋಚ್’ ಎಂದರೆ ಡೇರಾ ಕಡೆಯವರು ‘ರೋಶ್’. ಪೂರ್ವದ ಬಲೂಚಿಯಲ್ಲಿ ಸ್ವರದ ಬಳಿಕ ಬರುವ ಸ್ಪರ್ಶಗಳು, ಅಂದರೆ ಉಸಿರನ್ನು ತಡೆದು ಬಿಡುವ ಪಕಾರದಂಥ ವ್ಯಂಜನಗಳು, ಸಾಲಾಗಿ ಗಾಳಿ ಉಜ್ಜಿ ಹೊರಡುವ ಘರ್ಷಗಳಾಗುತ್ತವೆ. ಒಂದು ಪದ ಕೈಗೆ ಬಂದರೆ ಹತ್ತನ್ನು ಊಹಿಸಬಹುದು. ತೆಲುಗಿನಲ್ಲಿ ಆ ಅನುಕೂಲ ನನಗೆ ಕಾಣಲಿಲ್ಲ. ಅಲ್ಲಿ ಸೀಮೆ ಬಯಲಾಗುವುದು ಕ್ರಿಯಾಪದದ ಬಾಲದಲ್ಲಿ, ಹೊಲ ಮತ್ತು ಅಡುಗೆಮನೆಯ ಮಾತಿನಲ್ಲಿ.

ನಡುವೆ ಬಲೂಚಿಸ್ತಾನದ ಕಲಾತ್ ಕಡೆಯ, ಅಲ್ಲಿನ ದ್ರಾವಿಡ ಭಾಷೆಯಾದ ಬ್ರಾಹುಯಿ ಆಡುವವರೊಬ್ಬರು ಸಿಕ್ಕಿ ಎರಡು ವಾರ ಅವರ ಹಿಂದೆಯೇ ಅಲೆದೆ. ಅದೇ ಲೋಟ ತೋರಿಸಿದರೆ ‘ದೀರ್’ ಎಂದರು. ಮಕ್ರಾನಿ ಗೆಳೆಯನ ಬಾಯಲ್ಲಿ ‘ದೀರ್’ ಎಂದರೆ ದೂರ. ಬ್ರಾಹುಯಿಯದು ನಮ್ಮ ‘ನೀರಿ’ನ ಒಡಹುಟ್ಟು. ಎಣಿಸಲು ಹೇಳಿದೆ. ‘ಇರಟ್, ಮುಸಿಟ್’ ಎನ್ನುವವರೆಗೆ ನಮ್ಮ ಎರಡು, ಮೂರು. ನಾಲ್ಕಕ್ಕೆ ‘ಚಾರ್’ ಎಂದು ಇರಾನಿನ ದಾರಿ ಹಿಡಿದರು. ಮೈ ಜುಮ್ಮೆಂದಿತು.

ಈಗ ಬಲೂಚರು ಯಾರೇ ಸಿಗಲಿ, ನಾಲ್ಕು ಮಾತು ಕೇಳಿ ಯಾವ ಕಡೆಯವರೆಂದು ಹೇಳುತ್ತೇನೆ; ಹತ್ತರಲ್ಲಿ ಎಂಟು ಸಲ ತಪ್ಪುವುದಿಲ್ಲ. ಅಂದು ‘ಏನು ನೋಡುತ್ತೀರಿ’ ಎಂದು ತಲೆಯಾಡಿಸಿದ್ದ ಗೆಳೆಯರೇ ಈಗ ಪದಪಟ್ಟಿ ಕೇಳಿದರು, ಕೊಟ್ಟೆ. ಶೇಂಗಾ ತಟ್ಟೆಯ ಸುತ್ತ ಕೂತ ಮೂವರಲ್ಲಿ ಮೊದಲು ಯಾರನ್ನು ಮಾತಿಗೆಳೆಯಬೇಕು ಎಂಬುದನ್ನು ಮಾತ್ರ ಇನ್ನೂ ಹೇಳಿಲ್ಲ.